ಎಣ್ಣೆ ಜಾಸ್ತಿಯಾದ ಪಿಸ್ತೂಲು

ನಮ್ಮ ಅಂಕೋಲೆ ಕಡೆ ಮಳೆಗಾಲದಲ್ಲಿ ಮೆಟ್ಟುಗತ್ತಿಯನ್ನು ಎರಡು ದಿನ ಸುಮ್ನೆ ಬಿಟ್ಟರೆ ಸಾಕು, ತುಕ್ಕು ಹಿಡಿಯುತ್ತದೆ. ಆಯಿ ಅದಕ್ಕೆ ತೆಂಗಿನೆಣ್ಣೆ ಸವರಿ ಇಡುತ್ತಿದ್ದಳು. ಕಬ್ಬಿಣ ಕಂಡರೆ ಎಣ್ಣೆ ಹಚ್ಚಬೇಕು ಎನ್ನುವ ಆ ಬುದ್ಧಿ ಹೊತ್ತುಕೊಂಡೇ ನಾನು ಸೇನೆಗೆ ಹೋದೆ. ಅಲ್ಲಿ ಆರ್ಮರರ್ ಆದೆ, ಅಂದರೆ ಆಯುಧ ರಿಪೇರಿಯವ.

ನನ್ನ ಕೈಗೆ ಮೊದಲು ಬಂದದ್ದು ಪಶ್ಚಿಮ ಬಂಗಾಳದ ಈಶಾಪುರದ ರೈಫಲ್ ಕಾರ್ಖಾನೆಯ ಪಿಸ್ತೂಲು. ಕಾಗದದಲ್ಲಿ ‘ಪಿಸ್ಟಲ್ ಆಟೋ 9 ಎಂಎಂ 1ಎ’, ನಮ್ಮ ಬಾಯಲ್ಲಿ ಬರೀ ನೈನ್ ಎಂಎಂ. ಇದರ ಮೂಲ ಬೆಲ್ಜಿಯಂನ ಬ್ರೌನಿಂಗ್ ಹೈ-ಪವರ್. ಅಮೆರಿಕದ ಜಾನ್ ಬ್ರೌನಿಂಗ್ ಶುರು ಮಾಡಿ 1926ರಲ್ಲಿ ತೀರಿಕೊಂಡ. ಬೆಲ್ಜಿಯಂನ ಆಯುಧ ಕಂಪನಿ ಎಫ್‌ಎನ್‌ನ ದ್ಯೂದೊನೆ ಸೈವ್ ಅದನ್ನು ಮುಗಿಸಿದ. 1935ರಲ್ಲಿ ಬೆಲ್ಜಿಯಂ ಸೇನೆಗೆ ಬಂತು. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಆ ಕಾರ್ಖಾನೆ ಹಿಡಿದು ತಮಗೆ ಮಾಡಿಸಿಕೊಂಡರು. ಆ ಕಡೆ ಕೆನಡಾದ ಜಾನ್ ಇಂಗ್ಲಿಸ್ ಕಂಪನಿ ಚೀನಾಕ್ಕೂ ಬ್ರಿಟಿಷರ ಕಡೆಯವರಿಗೂ ಅದನ್ನೇ ಮಾಡಿಕೊಟ್ಟಿತು. ಎದುರಾಳಿಗಳ ಸೊಂಟದಲ್ಲಿ ಒಂದೇ ಪಿಸ್ತೂಲು! ನಮ್ಮ 1ಎ ಆ ಕೆನಡಾ ಕವಲಿನದು.

ರಾಜಸ್ಥಾನದಲ್ಲಿದ್ದಾಗ ಒಂದು ದಿನ ಫೈರಿಂಗ್ ರೇಂಜಿನಿಂದ ದೂರು ಬಂತು. ನಾನು ತಯಾರು ಮಾಡಿದ ಪಿಸ್ತೂಲಿನ ಸ್ಲೈಡ್, ಅಂದರೆ ಹಿಂದೆ ಮುಂದೆ ಜಾರುವ ಮೇಲ್ಭಾಗ, ಅರ್ಧಕ್ಕೇ ನಿಲ್ಲುತ್ತಿತ್ತು. ಉಸ್ತಾದರು ಅದನ್ನು ಬಿಚ್ಚಿ ಸ್ಲೈಡಿನ ತೋಡಿನಲ್ಲಿ ಬೆರಳೆಳೆದರು. ನಾದಿದ ಹಿಟ್ಟಿನಂತೆ ಮರಳು ಮೆತ್ತಿಕೊಂಡಿತ್ತು. ‘ಏನು, ಪಕೋಡ ಕರಿಯೋಕೆ ಎಣ್ಣೆ ಹಾಕಿದ್ಯಾ?’ ಎಂದು ಹಿಂದಿಯಲ್ಲಿ ಬೈದರು. ಎಣ್ಣೆ ತೊಟ್ಟಿಕ್ಕಬಾರದು, ಚಿಂದಿಯಲ್ಲಿ ಒರೆಸಿದ ಮೇಲೆ ಉಳಿಯುವ ಮಿರುಗಷ್ಟೇ ಸಾಕು.

ಅಂದಿನಿಂದ ಪಿಸ್ತೂಲು ಬಿಚ್ಚುವ ನನ್ನ ಕ್ರಮ ಒಂದೇ. ಗುಂಡು ತುಂಬಿದ ಡಬ್ಬಿ, ಮ್ಯಾಗಝೀನ್, ಹೊರಗೆ. ಗುಂಡು ಕೂರುವ ಚೇಂಬರನ್ನು ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಬೇಕು. ಆಮೇಲೆ ಸ್ಲೈಡ್ ಹಿಂದೆಳೆದು ಸೇಫ್ಟಿ ಸಿಕ್ಕಿಸಿ, ಸ್ಲೈಡನ್ನು ತಡೆಯುವ ಸ್ಲೈಡ್ ಸ್ಟಾಪ್ ಹೊರಗೆ ತೆಗೆದರೆ ಮೇಲ್ಭಾಗ ಪೂರ್ತಿ ಮುಂದಕ್ಕೆ ಜಾರಿ ಬರುತ್ತದೆ. ಬ್ಯಾರಲ್ಲಿನ, ಅಂದರೆ ನಳಿಗೆಯ, ಅಡಿಯಲ್ಲಿ ಒಂದು ಗಡುಸಾದ ಉಬ್ಬು, ಅದರಲ್ಲಿ ಓರೆಯಾದ ತೋಡು. ನನಗೆ ಈ ಪಿಸ್ತೂಲಿನಲ್ಲಿ ತುಂಬಾ ಇಷ್ಟದ ಜಾಗ ಇದು. ಗುಂಡು ಹಾರಿದಾಗ ಬ್ಯಾರಲ್ಲೂ ಸ್ಲೈಡೂ ಕೂಡಿಯೇ ಸ್ವಲ್ಪ ಹಿಂದೆ ಸರಿಯುತ್ತವೆ. ಆಗ ಆ ಓರೆ ಬ್ಯಾರಲ್ಲಿನ ಹಿಂಭಾಗವನ್ನು ಕೆಳಗೆಳೆಯುತ್ತದೆ, ಹಿಡಿತ ಬಿಡುತ್ತದೆ, ಸ್ಲೈಡ್ ಒಂದೇ ಹಿಂದೆ ಓಡುತ್ತದೆ. ಬ್ರೌನಿಂಗನದೇ ಹಳೆಯ ಕೋಲ್ಟ್ 1911ರಲ್ಲಿ ಈ ಕೆಲಸಕ್ಕೆ ತೂಗಾಡುವ ಕೊಂಡಿಯಿತ್ತು. ಇಲ್ಲಿ ಕೊಂಡಿಯೇ ಇಲ್ಲ, ಮುರಿಯುವ ಚಿಂತೆಯೂ ಇಲ್ಲ.

ಮ್ಯಾಗಝೀನಿನಲ್ಲಿ 13 ಗುಂಡು. ಚಿರೇಕಲ್ಲಿನ ಗೋಡೆ ಕಟ್ಟುವಾಗ ಸಂದಿಯ ಮೇಲೆ ಸಂದಿ ಬಾರದ ಹಾಗೆ ಕಲ್ಲಿಡುತ್ತಾರಲ್ಲ, ಹಾಗೆ ಎರಡು ಸಾಲು. ಬಾಯಿಗೆ ಬರುವಾಗ ಒಂದೇ ಸಾಲಾಗುತ್ತದೆ. ಆ ತುಟಿ ಸ್ವಲ್ಪ ಬಾಗಿದರೂ ಗುಂಡು ಸಿಕ್ಕಿಕೊಳ್ಳುತ್ತದೆ. ಪಿಸ್ತೂಲು ಕೆಟ್ಟಿದೆ ಎಂದು ಬಂದಾಗ ನಾನು ಮೊದಲು ನೋಡುತ್ತಿದ್ದದ್ದು ಮ್ಯಾಗಝೀನನ್ನೇ.

ನನ್ನ ತಕರಾರು ಒಂದಿದೆ. ಮ್ಯಾಗಝೀನ್ ಇಲ್ಲದಿದ್ದರೆ ಇದರ ಟ್ರಿಗರ್ ಕೆಲಸ ಮಾಡುವುದಿಲ್ಲ. ಸುರಕ್ಷತೆಗೆಂದೇ ಹಾಗೆ ಮಾಡಿದ್ದು. ಆದರೆ ಒಮ್ಮೆ ಒಬ್ಬರು ಮ್ಯಾಗಝೀನ್ ತೆಗೆದು, ಟ್ರಿಗರ್ ಒತ್ತಿ, ‘ಖಾಲಿ ಇದೆ’ ಎಂದು ಕೋತ್‌ಗೆ, ಅಂದರೆ ಆಯುಧ ಇಡುವ ಕೋಣೆಗೆ, ವಾಪಸ್ ಕೊಟ್ಟರು. ನಾನು ಸ್ಲೈಡ್ ಎಳೆದೆ. ಒಂದು ಗುಂಡು ಟಣ್ ಎಂದು ಮೇಜಿನ ಮೇಲೆ ಬಿದ್ದು ಉರುಳಿತು. ಇಬ್ಬರೂ ಮಾತಾಡಲಿಲ್ಲ.

ಈಗ ನಿವೃತ್ತಿಯಾಗಿ ಊರಲ್ಲಿದ್ದೇನೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆ ನೋಡಲು ಹೋದಾಗ ನೆಂಟರ ಹುಡುಗರು ‘ಮಾಮಾ, ನೀ ಎಷ್ಟು ಗುಂಡು ಹೊಡೆದೆ?’ ಎಂದು ಕೇಳುತ್ತಾರೆ. ಹೆಬ್ಬೆರಳ ಬುಡದ ಗಾಯದ ಕಲೆ ತೋರಿಸುತ್ತೇನೆ. ಅದು ಶತ್ರು ಮಾಡಿದ್ದಲ್ಲ, ಇದೇ ಪಿಸ್ತೂಲಿನ ಹಿಂದಿನ ಸುತ್ತಿಗೆಯಂಥ ಹ್ಯಾಮರ್ ಕಚ್ಚಿದ್ದು.

ಶಿರಸಿ ಕಡೆಯ ತೋಟದವರು ಮಳೆಗಾಲಕ್ಕೆ ಕೋವಿ ಹೇಗಿಡಬೇಕೆಂದು ಫೋನ್ ಮಾಡುತ್ತಾರೆ. ಚರ್ಮದ ಚೀಲದಲ್ಲಿ ಇಡಬೇಡಿ, ಅದು ಪಸೆ ಹಿಡಿದಿಡುತ್ತದೆ ಎನ್ನುತ್ತೇನೆ. ಒಣಗಿಸಿ, ಒರೆಸಿ, ತೆಳ್ಳಗೆ ಗನ್ ಆಯಿಲ್ ಹಚ್ಚಿ. ತೆಂಗಿನೆಣ್ಣೆ ಮಾತ್ರ ಬೇಡ ಮಾರಾಯ, ಡಿಸೆಂಬರ್ ಚಳಿಗೆ ಹೆಪ್ಪುಗಟ್ಟಿ ಕೂರುತ್ತದೆ.