ಓವನ್ ಇಲ್ಲದ ಮನೆಯಲ್ಲಿ ಚಾಕೊಲೇಟ್-ಮಿಂಟ್ ಪೈ

ನಮ್ಮ ಮನೆಯಲ್ಲಿ ಓವನ್ ಇಲ್ಲ. ಎರಡು ಉರಿಯ ಗ್ಯಾಸ್ ಒಲೆ, ಮೇಲ್ಭಾಗದಲ್ಲಿ ಫ್ರೀಜರ್ ಇರುವ ಸಾಧಾರಣ ಫ್ರಿಜ್, ಕೈಯಲ್ಲಿ ಹಿಡಿದು ನಡೆಸುವ ಬೀಟರ್, ಇಷ್ಟರಲ್ಲೇ ಆಗಬಹುದಾದ ಸಿಹಿಯನ್ನು ಹುಡುಕುತ್ತಿದ್ದಾಗ ಅಮೆರಿಕದ ಗ್ರಾಸ್‌ಹಾಪರ್ ಪೈ ಕಣ್ಣಿಗೆ ಬಿತ್ತು. ಹೆಸರಿನಲ್ಲಿ ಮಿಡತೆ ಇದ್ದರೂ ಅದು ಬಂದದ್ದು ಅದೇ ಹೆಸರಿನ ಹಸಿರು ಕಾಕ್‌ಟೇಲ್‌ನಿಂದ. ಅದರಲ್ಲಿರುವ ಮದ್ಯವನ್ನು ಬಿಟ್ಟು, ಚಾಕೊಲೇಟ್ ಮತ್ತು ಮಿಂಟ್‌ನ ಜೋಡಿಯನ್ನಷ್ಟೇ ನಾನು ಉಳಿಸಿಕೊಂಡೆ.

ಮೊದಲ ಸಲ ಅಂಗಡಿಯಲ್ಲಿ ಸುಲಭವಾಗಿ ಸಿಗುವ, ಶೇ. 25ರಷ್ಟು ಕೊಬ್ಬಿನ ಫ್ರೆಶ್ ಕ್ರೀಮ್ ತಂದು ಅರ್ಧ ಗಂಟೆ ಕಡೆದರೂ ಅದು ಮಜ್ಜಿಗೆಯಂತೆ ತೆಳ್ಳಗೇ ಉಳಿಯಿತು. ಗಾಳಿಯ ಗುಳ್ಳೆಗಳನ್ನು ಹಿಡಿದಿಡುವುದು ಕ್ರೀಮಿನ ಕೊಬ್ಬೇ ಆದ್ದರಿಂದ ಅದು ಕನಿಷ್ಠ ಶೇ. 30, ಸಾಧ್ಯವಾದರೆ 35ರಷ್ಟಾದರೂ ಇರಬೇಕು. ಜೊತೆಗೆ ಕ್ರೀಮ್, ಪಾತ್ರೆ, ಬೀಟರಿನ ಕಡ್ಡಿ ಮೂರೂ ತಣ್ಣಗಿರಬೇಕು. ಬೇಸಿಗೆಯಲ್ಲಿ ನಾನು ಪಾತ್ರೆಯನ್ನು ಐಸ್ ನೀರಿನ ಬೋಗುಣಿಯಲ್ಲಿಟ್ಟೇ ಕಡೆಯುತ್ತೇನೆ.

ಎರಡನೆಯ ಸಲ ಕ್ರೀಮ್ ಸರಿಯಾಯಿತು, ಮಿಂಟ್ ಕೆಟ್ಟಿತು. ಸಂತೆಯಿಂದ ತಂದ ಪುದೀನಾ ಸೊಪ್ಪನ್ನು ಅರೆದು, ಸೋಸಿ ಬೆರೆಸಿದ್ದೆ. ತಿಂದವರಿಗೆಲ್ಲ ಚಟ್ನಿಯ ನೆನಪಾಯಿತು. ನಮ್ಮ ಪುದೀನಾ ಹೆಚ್ಚಾಗಿ ಸ್ಪಿಯರ್‌ಮಿಂಟ್ ಜಾತಿಯದು. ಮಿಂಟ್ ಚಾಕೊಲೇಟಿನಲ್ಲಿ ನಾವು ನಿರೀಕ್ಷಿಸುವ ತಂಪು ಪೆಪ್ಪರ್‌ಮಿಂಟಿನಲ್ಲಿ ಹೇರಳವಾಗಿರುವ ಮೆಂಥಾಲಿನದು. ಹಾಗಾಗಿ ಮೂರನೆಯ ಸಲ ಪೆಪ್ಪರ್‌ಮಿಂಟ್ ಎಸೆನ್ಸ್ ತಂದು, ಉತ್ಸಾಹದಲ್ಲಿ ಒಂದು ಟೀ ಚಮಚ ತುಂಬ ಹಾಕಿದೆ. ಒಂದು ತುತ್ತು ಬಾಯಿಗಿಟ್ಟ ಅತ್ತೆ, "ಹಲ್ಲುಜ್ಜುವ ಪೇಸ್ಟ್ ತಿಂದ ಹಾಗಿದೆಯಲ್ಲಮ್ಮ" ಎಂದರು. ಅವರ ಮಾತು ನಿಜವಾಗಿತ್ತು. ಈಗ ಕಾಲು ಚಮಚದಿಂದ ಆರಂಭಿಸಿ, ರುಚಿ ನೋಡುತ್ತಾ ಹನಿಹನಿಯಾಗಿ ಹೆಚ್ಚಿಸುತ್ತೇನೆ.

ಈಗ ನಿಂತಿರುವ ಅಳತೆ ಎಂಟು ಅಂಗುಲದ, ತಳ ಬಿಚ್ಚುವ ತಟ್ಟೆಗೆ. 200 ಗ್ರಾಂ ಚಾಕೊಲೇಟ್ ಬಿಸ್ಕತ್ತನ್ನು ಪುಡಿ ಮಾಡಿ, ಕರಗಿಸಿದ 80 ಗ್ರಾಂ ಬೆಣ್ಣೆಯಲ್ಲಿ ಕಲಸಿ, ಲೋಟದ ತಳದಿಂದ ಒತ್ತಿ ಕೂರಿಸಿ ಫ್ರೀಜರಿನಲ್ಲಿಡುತ್ತೇನೆ. ಅದರ ಮೇಲೆ 100 ಗ್ರಾಂ ಡಾರ್ಕ್ ಚಾಕೊಲೇಟನ್ನು 100 ಮಿ.ಲೀ. ಬಿಸಿ ಕ್ರೀಮಿನಲ್ಲಿ ಕರಗಿಸಿ, ಆರಿಸಿ ಸುರಿಯುತ್ತೇನೆ. ಕಡೆಯಲು ಬಾರದ ಆ ಶೇ. 25ರ ಫ್ರೆಶ್ ಕ್ರೀಮ್ ಇಲ್ಲಿಗೆ ಸಾಕಾಗುತ್ತದೆ. ಬರೀ ಚಾಕೊಲೇಟ್ ಸುರಿದರೆ ಅದು ಹೆಪ್ಪುಗಟ್ಟಿ, ಕತ್ತರಿಸುವಾಗ ಹಂಚಿನಂತೆ ಒಡೆಯುತ್ತದೆ.

ಕೊನೆಯ ಪದರಕ್ಕೆ 300 ಮಿ.ಲೀ. ವಿಪ್ಪಿಂಗ್ ಕ್ರೀಮನ್ನು ಕಡೆದು, 150 ಗ್ರಾಂ ಕಂಡೆನ್ಸ್ಡ್ ಮಿಲ್ಕ್ ಮತ್ತು ಎಸೆನ್ಸನ್ನು ನಿಧಾನವಾಗಿ ಮಗುಚುತ್ತಾ ಸೇರಿಸುತ್ತೇನೆ. ಕಂಡೆನ್ಸ್ಡ್ ಮಿಲ್ಕಿನ ಸಕ್ಕರೆ ಸಿಹಿಗಷ್ಟೇ ಅಲ್ಲ, ಮಿಶ್ರಣ ಹೆಪ್ಪುಗಟ್ಟುವ ಉಷ್ಣಾಂಶವನ್ನು ತಗ್ಗಿಸಿ ಪೈ ಕಲ್ಲಾಗದಂತೆಯೂ ತಡೆಯುತ್ತದೆ. ತಣ್ಣಗಾದಾಗ ನಾಲಿಗೆಗೆ ಸಿಹಿ ಕಡಿಮೆಯೆನಿಸುವುದರಿಂದ, ಹೊರಗೆ ರುಚಿ ನೋಡುವಾಗ ಸ್ವಲ್ಪ ಹೆಚ್ಚು ಸಿಹಿ ಎನಿಸಿದರೇ ಸರಿ. ಸಸ್ಯಜನ್ಯ ವಿಪ್ಪಿಂಗ್ ಕ್ರೀಮಿಗೆ ಸಾಮಾನ್ಯವಾಗಿ ಮೊದಲೇ ಸಕ್ಕರೆ ಸೇರಿಸಿರುತ್ತಾರೆ. ಅದನ್ನು ಬಳಸುವವರು ಕಂಡೆನ್ಸ್ಡ್ ಮಿಲ್ಕನ್ನು ಅರ್ಧಕ್ಕಿಳಿಸಬೇಕು. ಹಸಿರು ಬಣ್ಣವನ್ನು ನಾನು ಹಾಕುವುದಿಲ್ಲ. ಬಿಳಿ ಪೈಯನ್ನು ಕಂಡು ವೆನಿಲಾ ಎಂದುಕೊಂಡವರ ಮುಖ ಮೊದಲ ತುತ್ತಿಗೆ ಅರಳುವುದನ್ನು ನೋಡುವುದೇ ಚೆನ್ನ.

ತಟ್ಟೆಯನ್ನು ಬಿಗಿಯಾಗಿ ಮುಚ್ಚಿ ರಾತ್ರಿಯಿಡೀ ಫ್ರೀಜರಿನಲ್ಲಿಡಬೇಕು, ಇಲ್ಲದಿದ್ದರೆ ಪಕ್ಕದ ಮೀನಿನದೋ ಬಟಾಣಿಯದೋ ವಾಸನೆ ಕ್ರೀಮಿಗೆ ಹತ್ತುತ್ತದೆ. ಬಡಿಸುವ ಹತ್ತು ನಿಮಿಷ ಮೊದಲು ಹೊರಗಿಟ್ಟು, ಬಿಸಿ ನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಕತ್ತರಿಸುತ್ತೇನೆ. ಒಮ್ಮೆ ಕರೆಂಟ್ ಹೋಗಿ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿದಾಗ ತುಂಬ ಐಸಿನ ಹರಳುಗಳಾಗಿದ್ದವು. ಹಾಗಾದುದನ್ನು ಈಗ ಮರಳಿ ಫ್ರೀಜರಿಗೆ ಸೇರಿಸದೆ, ತಣ್ಣಗಿರುವಾಗಲೇ ಲೋಟಗಳಿಗೆ ಹಾಕಿ ಚಮಚದಲ್ಲಿ ತಿನ್ನಲು ಕೊಡುತ್ತೇನೆ.