ಕುದುರೆಮುಖಕ್ಕೆ ಜೋಡಿಯಾಗಿ ಹೊರಡೋ ತುಮಕೂರಿನವರಿಗೆ

ಮೊದಲು ಅರಣ್ಯ ಇಲಾಖೆಯ ಆನ್‌ಲೈನ್ ಚಾರಣ ಪರವಾನಗಿ, ಆಮೇಲೆ ಹೋಂಸ್ಟೇ. ಹಿಂದುಮುಂದಾದರೆ ಮುಂಗಡ ಹೋಯ್ತು ಅಂತಲೇ ಲೆಕ್ಕ. ತಿಪಟೂರು, ಕಡೂರು, ಚಿಕ್ಕಮಗಳೂರು ಮೇಲೆ ಹೋಗಿ, ಕತ್ತಲಾಗೋ ಮುಂಚೆ ಕಳಸ ಸೇರಿಕೊಳ್ಳಿ. ಅಲ್ಲಿಂದಾಚೆ, ಚಾರಣ ಶುರುವಾಗೋ ಮುಳ್ಳೋಡಿ ಹಳ್ಳಿಯ ದಾರಿಗೆ ಜೀಪೇ ಸರಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಟೆಂಟ್, ಬೆಂಕಿ ಎರಡೂ ಕೂಡದು. ಏಕಾಂತಕ್ಕೆ ಹೋಂಸ್ಟೇ ಜಗಲಿ, ಎದುರಿಗೆ ಮಂಜು, ಇಬ್ಬರಿಗೆ ಎರಡು ಲೋಟ ಕಾಫಿ ಸಾಕು.

ಮಳೆಗಾಲದಲ್ಲಿ ಇಂಬಳದ (ನೆಲದ ಮೇಲಿನ ಜಿಗಣೆ) ಕಾಟ. ಪ್ಯಾಂಟನ್ನು ಉದ್ದ ಕಾಲುಚೀಲದೊಳಗೆ ತುರುಕಿ, ಮೇಲೆ ಉಪ್ಪು ಕಲಸಿದ ಕೊಬ್ಬರಿ ಎಣ್ಣೆ ಸವರಿ. ನೀರಲ್ಲಿ ತೊಳೆದುಹೋಗುತ್ತೆ, ಹಳ್ಳ ದಾಟಿದಾಗೆಲ್ಲ ಮತ್ತೆ ಹಚ್ಚಿ. ಕಚ್ಚಿದ್ದನ್ನು ಎಳೆಯಬೇಡಿ, ಬಾಯಿಯ ಬುಡಕ್ಕೆ ಉಗುರು ಕೊಟ್ಟು ಪಕ್ಕಕ್ಕೆ ಜಾರಿಸಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡಲ್ಲ, ಸ್ವಲ್ಪ ಹೊತ್ತು ಸೋರುತ್ತೆ. ಗಾಬರಿಯಾಗದೆ ಹತ್ತಿ ಒತ್ತಿ ಹಿಡಿಯಿರಿ. ನೆಟ್‌ವರ್ಕ್ ನಂಬಬೇಡಿ, ನಗದು ಇರಲಿ.