ಸ್ವಂತವಾಗಿ ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ವೆಬ್‌ಸೈಟ್ ಮೇಲೆ ಬರುವ ಹಾಗೆ ಮಾಡುವ) ಕೆಲಸ ಹಿಡಿಯುವವರಿಗೆ ಒಂದು ಸಲಹೆ
ಸುಮ್ನೆ ಕೋರ್ಸಿಗೆ ದುಡ್ಡು ಸುರಿಯಬೇಡಿ. ಪರಿಚಯದ ಒಂದು ಕ್ಲಿನಿಕ್ ಅಥವಾ ಅಂಗಡಿಯವರನ್ನು ಕೇಳಿ, ಅವರ ವೆಬ್‌ಸೈಟಿನ ಗೂಗಲ್ ಸರ್ಚ್ ಕನ್ಸೋಲ್ (ಹುಡುಕಾಟದಲ್ಲಿ ಸೈಟ್ ಹೇಗೆ ಕಾಣಿಸುತ್ತಿದೆ ಅಂತ ಲೆಕ್ಕ ತೋರಿಸುವ ಗೂಗಲ್ ಸಾಧನ) ನೋಡಲು ಅನುಮತಿ ಪಡೆಯಿರಿ. ಮಾಲೀಕತ್ವ ಮಾತ್ರ ಅವರ ಹತ್ತಿರವೇ ಇರಲಿ. ಈ ಕನ್ಸೋಲ್ ಉಚಿತ, 16 ತಿಂಗಳ ಲೆಕ್ಕ ಸಿಗುತ್ತದೆ. ಇಂಪ್ರೆಷನ್ (ಹುಡುಕಾಟದಲ್ಲಿ ಎಷ್ಟು ಸಲ ಕಾಣಿಸಿತು ಅನ್ನುವ ಲೆಕ್ಕ) ಜಾಸ್ತಿ ಇದ್ದು ಕ್ಲಿಕ್ ಕಡಿಮೆ ಇರುವ ಪುಟ ಆರಿಸಿ. ಎಷ್ಟೋ ಸಲ ಅದರ ಟೈಟಲ್ ಬರೀ 'ಹೋಮ್' ಅಂತ ಇರುತ್ತದೆ! ಅದನ್ನು ಜನ ನಿಜವಾಗಿ ಹುಡುಕುವ ಮಾತಿಗೆ, 'ಮಕ್ಕಳ ಹಲ್ಲಿನ ಡಾಕ್ಟರ್, ದಾವಣಗೆರೆ' ಅನ್ನುವ ಹಾಗೆ ಬದಲಿಸಿ, ಮುಂಚಿನ ಮತ್ತು ನಂತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮುಂದಿನ ಗ್ರಾಹಕರು ಸರ್ಟಿಫಿಕೇಟಿಗಿಂತ ಅದನ್ನೇ ನಂಬುತ್ತಾರೆ.

'ಮೊದಲ ಸ್ಥಾನ ಗ್ಯಾರಂಟಿ' ಅಂತ ದಯವಿಟ್ಟು ಯಾರಿಗೂ ಹೇಳಬೇಡಿ. ಅದು ಯಾರ ಕೈಯಲ್ಲೂ ಇಲ್ಲ, ಗೂಗಲ್ಲೇ ಹಾಗೆ ಹೇಳಿದೆ. ಫಲ ಕಾಣಲು 4 ತಿಂಗಳಿಂದ 1 ವರ್ಷ ಬೇಕಾಗುತ್ತದೆ, ಅದನ್ನು ಮೊದಲೇ ಕರಾರಿನಲ್ಲಿ ಬರೆಯಿರಿ.